ದೂಳು ತೊಳೆಯುವ ಓಣಿಯ ಬಾಡಿಗೆದಾರ

೬ ಅಕ್ಟೋಬರ್ ೨೦೨೫, ಸೋಮವಾರ. ಬೆಳಗ್ಗೆ

ಮೀಟರ್ ಒರೆಸಿದೆ. ಚಾರ್ಜಿಗೆ ಹಾಕಿದೆ. ಮಾಸ್ಕಿನ ಪಟ್ಟಿ ಬದಲಿಸಿದೆ. ಸೋಮವಾರದ ಕೆಲಸ ಇಷ್ಟೇ. ಗಾಳಿಯಲ್ಲಿ ಪಾದರಸದ ಆವಿ ಎಷ್ಟಿದೆಯೆಂದು ಹೇಳುವ ಈ ಯಂತ್ರ ಗಾರ್ಗಿಯದು. ಆನ್ ಮಾಡಿದರೆ ಮೊದಲು ಬಳಸುವವರ ಹೆಸರು ತೋರಿಸುತ್ತದೆ — ಮಗಳ ಹೆಸರು. ಬದಲಿಸಬಹುದು. ಬದಲಿಸಿಲ್ಲ. ಸರಿ ಎಂದು ಒತ್ತಿ ಮುಂದಕ್ಕೆ ಹೋಗುತ್ತೇನೆ.

ಕಳೆದ ತಿಂಗಳು ವರ್ಷದ ತಿಥಿ ಮುಗಿಯಿತು. ಡೆಂಗಿ ಬಂದು ಹೋದವಳು, ಮೂವತ್ತೊಂದರ ಹುಡುಗಿ. ಊಟಕ್ಕೆ ಬಂದ ನೆಂಟರು ಕೈ ತೊಳೆಯುತ್ತ, ಇನ್ನಾದರೂ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎಂದರು. ಗಟ್ಟಿಯಾಗಿಯೇ ಇದೆ. ಶೋಕಕ್ಕೆ ಗಡುವು ಹಾಕುವ ಅಧಿಕಾರ ಇವರಿಗೆ ಕೊಟ್ಟವರು ಯಾರು?

ಭೂವಿಜ್ಞಾನ ನಾನು ಸೇವೆಯುದ್ದಕ್ಕೂ ಕಲಿಸಿದ ವಿಷಯ. ಅವಳು ಅದನ್ನು ಓಣಿಗೆ ಇಳಿಸಿದಳು. ಉದಯಗಿರಿಯ ಒಳಗೊಂದು ಓಣಿ, ಒಂಬತ್ತು ಮನೆ. ಮಳೆ ನಿಂತ ಮೇಲೆ ಕಾಡಂಚಿನ ಹಳ್ಳಗಳ ಮರಳನ್ನು ತರುತ್ತಾರೆ. ಉಳಿದ ತಿಂಗಳುಗಳಲ್ಲಿ ಅಗ್ರಹಾರದ ಅಕ್ಕಸಾಲಿಗರ ಅಂಗಡಿ ಗುಡಿಸಿದ ದೂಳು. ತೊಳೆದು, ಪಾದರಸ ಹಾಕಿ ತಿಕ್ಕಿದರೆ ಚಿನ್ನದ ಕಣಗಳು ಅದಕ್ಕೆ ಅಂಟಿ ಬಿಳಿಯ ಉಂಡೆಯಾಗುತ್ತದೆ. ಉಂಡೆಯನ್ನು ಇದ್ದಿಲ ಮೇಲಿಟ್ಟು ಸುಟ್ಟರೆ ಪಾದರಸ ಹೊಗೆಯಾಗಿ ಹೋಗಿ ಚಿನ್ನ ಉಳಿಯುತ್ತದೆ. ಹೊಗೆ ಹೋಗುವುದು ಎಲ್ಲಿಗೆ? ಅನ್ನ ಬೇಯುವ ಕೋಣೆಗೆ, ಮಕ್ಕಳು ಮಲಗುವ ಚಾಪೆಗೆ, ಮುಂದಿನ ಮೋರಿಗೆ. ಅದನ್ನು ತಡೆಯುವುದು ಗಾರ್ಗಿಯ ಕೆಲಸವಾಗಿತ್ತು. ಈಗ ನನ್ನದು.

ಆಯುಧಪೂಜೆಗೆಂದು ಅಂಗಡಿಗಳನ್ನೆಲ್ಲ ಗುಡಿಸಿದ್ದಾರೆ. ಓಣಿಗೆ ದೂಳಿನ ಮೂಟೆ ಬಂದಿದೆ. ಬುಧವಾರ ಸುಡುತ್ತಾರಂತೆ. ಗಾರ್ಗಿ ಮಾಡಿಸಿಟ್ಟ ಕಬ್ಬಿಣದ ಬಟ್ಟಿಪಾತ್ರೆ ಹೊರತೆಗೆದೆ. ಬಿಗಿಯಾದ ಮುಚ್ಚಳ, ಆವಿ ಹೋಗಲು ಒಂದು ಕೊಳವೆ, ಆವಿ ತಣಿದು ಬೀಳಲು ಒಂದು ಬಟ್ಟಲು. ತರ್ಕದಲ್ಲಿ ದೋಷವಿಲ್ಲ.

ಹೆಂಡತಿ ದೇವಿರಮ್ಮ ಅಡುಗೆಮನೆಯಿಂದಲೇ ಕೇಳಿದಳು: "ಬುಧವಾರ ಊಟಕ್ಕೆ ಬರ್ತೀರೇನ್ರೀ?"

"ಹೇಳಲಾರೆ."

"ಅವಳೂ ಹಿಂಗೇ ಹೇಳ್ತಿದ್ಲು."

ಪಾತ್ರೆಯ ಕೊಳವೆ ಒರೆಸತೊಡಗಿದೆ.

೮ ಅಕ್ಟೋಬರ್, ಬುಧವಾರ

ಸೋತು ಬಂದೆ. ಕಾರಣ ಬರೆದಿಡಬೇಕು.

ಸುಡುವ ಕೆಲಸ ತಿಮ್ಮಮ್ಮನವರದು. ಓಣಿಗೆ ಹಿರಿಯರು, ಮಾತಿಗೆ ಇನ್ನೂ ಹಿರಿಯರು. ಪಾತ್ರೆ ಕಂಡೊಡನೆ ನಕ್ಕರು. "ಅಯ್ಯೋ, ಮೇಡಮ್ಮೋರು ಇಂಥದ್ದೇ ಒಂದ್ ಕೊಟ್ಟಿದ್ರಲ್ಲ. ಪಕ್ಕದ್ಮನೆಯೋಳು ಅಕ್ಕಿ ತುಂಬಿಟ್ಟವ್ಳೆ. ಇಲಿ ಬರಲ್ಲ, ಬಲೇ ಚೆನ್ನಾಗದೆ."

"ಒಲೆಗೇಕೆ ಏರಿಸಲಿಲ್ಲ?"

"ನಿಮ್ಮಗಳು ಬೇಜಾರ್ ಮಾಡ್ಕತಳೆ ಅಂತ ಹೇಳ್ಲಿಲ್ಲ ಕಣಪ್ಪ. ಇವತ್ತು ನೀವೇ ನೋಡಿ."

ಉಂಡೆ ಒಬ್ಬರದಲ್ಲ. ಐದು ಮನೆಯವರು ತಮ್ಮ ತಮ್ಮ ಮಂಕರಿ ದೂಳನ್ನು ಒಟ್ಟಿಗೆ ತೊಳೆದದ್ದು. ಐವರೂ ಒಲೆಯ ಸುತ್ತ ಕುಳಿತರು. ಅವರಲ್ಲಿ ಸೌಮ್ಯಶ್ರೀ — ಆಟೋ ಓಡಿಸುವ ಚಂದ್ರುವಿನ ಹೆಂಡತಿ, ಏಳು ತಿಂಗಳ ಬಸುರಿ. ಪಾತ್ರೆ ಮುಚ್ಚಿ ಬೆಂಕಿ ಹಚ್ಚಿದೆವು. ಮೀಟರ್ ಸುಮ್ಮನಿತ್ತು. ನನಗೆ ಹೆಮ್ಮೆ ಬರುವಷ್ಟು ಹೊತ್ತು ಸುಮ್ಮನಿತ್ತು.

ಆಗ ಚಿಕ್ಕಯ್ಯನವರು, ಪಾಲುದಾರರಲ್ಲಿ ಎಲ್ಲದಕ್ಕೂ ಅನುಮಾನ ಪಡುವವರು, ಒಂದೇ ಮಾತು ಹೇಳಿದರು: "ತಿಮ್ಮವ್ವ, ತೋರ್ಸು."

ತಿಮ್ಮಮ್ಮ ಇಕ್ಕಳದಿಂದ ಮುಚ್ಚಳ ಎತ್ತಿಯೇಬಿಟ್ಟರು. ಒಳಗಿದ್ದ ಆವಿಯೆಲ್ಲ ಒಮ್ಮೆಗೇ ಅವರ ಮುಖಕ್ಕೆ. ಮೀಟರ್ ಕಿರುಚಿತು. ನಾನೂ ಕಿರುಚಿದೆ. ಸೌಮ್ಯಶ್ರೀ ಕೆಮ್ಮುತ್ತ ಬಾಗಿಲು ಹಿಡಿದು ನಿಂತಳು.

ಓಣಿಗೆ ಬಂದು ಬೈದೆ. ಎಲ್ಲರೂ ಕೇಳಿಸಿಕೊಂಡರು. ಬೈಗುಳ ಮುಗಿದ ಮೇಲೆ ತಿಮ್ಮಮ್ಮ ಹೇಳಿದರು: "ಉಂಡೆ ಎಲ್ರ ಕಣ್ಮುಂದೆ ಹಳದಿಗೆ ತಿರುಗ್ಬೇಕು ಮೇಷ್ಟ್ರೇ. ನಮ್ಮಲ್ಲಿ ಅದೇ ಕಟ್ಟು. ಮುಚ್ಚಿ ಸುಟ್ರೆ ನಾಳೆ ನನ್ ಮ್ಯಾಲೆ ಮಾತು ಬತ್ತದೆ. ಹೊಗೆ ಕುಡೀಬೋದು, ಕಳ್ಳಿ ಅನ್ನಿಸ್ಕೊಳಾಕಾಗಲ್ಲ."

ಸೌಮ್ಯಶ್ರೀಗೆ ಹೇಳಿದೆ: "ನೀನು ಇನ್ನು ಈ ಕೋಣೆಗೆ ಬರತಕ್ಕದ್ದಲ್ಲ."

"ನನ್ ಪಾಲಿನ್ ಮಂಕ್ರೀನ ಯಾರ್ ನೋಡ್ಕೋತಾರೆ ಸಾರ್? ನೀವಾ?"

"ನಾನೇ."

"ನೀವು ಮೀಟ್ರು ನೋಡ್ತೀರ. ಉಂಡೆ ಎಲ್ ನೋಡ್ತೀರ?"

ನಕ್ಕರು, ಎಲ್ಲರೂ. ನಾನು ನಗಲಿಲ್ಲ. ಆದರೆ ಅವರ ಕಟ್ಟು ಅಜ್ಞಾನವೆಂದು ಬರೆಯಲಾರೆ. ಅದು ಸಾಕ್ಷ್ಯದ ನಿಯಮ. ಪಾಲು ಇರುವಲ್ಲಿ ಕಣ್ಣು ಇರಬೇಕು. ಗಾರ್ಗಿಯ ಪಾತ್ರೆ ಪಾದರಸಕ್ಕೆ ಉತ್ತರ ಕೊಟ್ಟಿತ್ತು, ಚಿಕ್ಕಯ್ಯನವರಿಗೆ ಕೊಟ್ಟಿರಲಿಲ್ಲ.

೧೪ ಅಕ್ಟೋಬರ್, ಮಂಗಳವಾರ

ಓಣಿಯ ಗೋಡೆಗೆ ನೋಟೀಸ್ ಅಂಟಿಸಿದ್ದಾರೆ. ಒಂಬತ್ತೂ ಮನೆ ತೆರವು. ನವೆಂಬರ್ ಕೊನೆಗೆ ಹೆಬ್ಬಾಳದಿಂದಲೂ ಬಹಳ ಆಚೆ, ಬಯಲಿನ ತಗಡಿನ ಶೆಡ್ಡುಗಳಿಗೆ. ಕಾರಣ: ಗಾಳಿಯಲ್ಲೂ ಮೋರಿಯ ಹೂಳಿನಲ್ಲೂ ಅಪಾಯಕಾರಿ ಪಾದರಸ. ಆಧಾರ: ಡಾ. ಗಾರ್ಗಿ ಚೆಲುವರಾಜು ಅವರ ಅಧ್ಯಯನ.

ಮಗಳ ಹೆಸರನ್ನು ಅಲ್ಲಿ ಓದಿದೆ. ಇನ್ನೊಮ್ಮೆ ಓದಿದೆ.

ಸಹಿ ರವಿಚಂದ್ರನದು. ಪರಿಸರ ಅಧಿಕಾರಿ. ನನ್ನ ಶಿಷ್ಯ, ಮೊದಲ ಬೆಂಚು. ಫೋನ್ ಮಾಡಿದೆ.

"ನಮಸ್ಕಾರ ಸಾರ್, ಆರೋಗ್ಯ ಹೇಗಿದೆ?"

"ನನ್ನ ಆರೋಗ್ಯ ಬಿಡು. ಅವಳು ಅಳೆದದ್ದು ವಾಸಿ ಮಾಡಲು. ಜ್ವರ ನೋಡಿದ ಥರ್ಮಾಮೀಟರಿನಿಂದಲೇ ರೋಗಿಯನ್ನು ಹೊಡೆಯುತ್ತೀಯಲ್ಲ, ಇದನ್ನು ಯಾರು ಕಲಿಸಿದರು? ನಾನಂತೂ ಅಲ್ಲ."

"ಸಾರ್, ನಂಬರ್ ಸುಳ್ಳಾ?"

"ನಿಜ."

"ಹಂಗಾದ್ರೆ ಜನ ಅಲ್ಲಿರಬಾರದು ತಾನೆ?"

"ಶೆಡ್ಡಿಗೆ ಕಳಿಸಿದರೆ ಸುಡುವುದು ನಿಲ್ಲುತ್ತದೆಯೆ? ಅಲ್ಲೂ ಅದೇ ಇದ್ದಿಲು, ಅದೇ ಕೋಣೆ. ಹೊಗೆ ಕಡಿಮೆಯಾಗುವುದಿಲ್ಲ ರವಿಚಂದ್ರ; ನೋಡುವವರು ಕಡಿಮೆಯಾಗುತ್ತಾರೆ."

ಕಾಗದ ತಿರುವಿದ ಸದ್ದು. ಆಮೇಲೆ — ನವೆಂಬರ್ ಹತ್ತೊಂಬತ್ತಕ್ಕೆ ಅಹವಾಲು ಕೇಳುತ್ತೇವೆ, ಬಾಧಿತ ನಿವಾಸಿಗಳು ಬಂದು ಹೇಳಬಹುದು, ಎಂದ. ದೇವಸ್ಥಾನದಲ್ಲಿ ತೀರ್ಥ ಕೊಡುವವರ ದನಿ.

೨೫ ಅಕ್ಟೋಬರ್, ಶನಿವಾರ

ದೀಪಾವಳಿ ಹೋಯಿತು. ನಮ್ಮ ಮನೆಯಲ್ಲಿ ಎಣ್ಣೆಸ್ನಾನವಷ್ಟೇ. ಬರೆಯಲು ಏನೂ ಇರಲಿಲ್ಲ, ಗೀಚಿದ ಚಿತ್ರಗಳ ಹೊರತು.

ಗಾಜು. ಉತ್ತರ ಗಾಜು. ಮುಚ್ಚಿರಬೇಕು, ಕಾಣಬೇಕು. ಹಿಂದೆ ನಮ್ಮ ಕಾಲೇಜಿನ ಪ್ರಯೋಗಾಲಯಕ್ಕೆ ಗಾಜು ಊದಿಕೊಡುತ್ತಿದ್ದ ಸದಾಶಿವಯ್ಯನವರನ್ನು ಹುಡುಕಿ ಹೋದೆ. ಚಿತ್ರ ನೋಡಿ ಕನ್ನಡಕ ಏರಿಸಿದರು. "ಆವಿ ಗಾಜಿಗೆ ಅಂಟಿ ಕನ್ನಡಿ ಆಗ್ಬಿಡುತ್ತಲ್ಲ ಸಾರ್? ಏನೂ ಕಾಣಲ್ಲ."

"ಬಿಸಿ ಗಾಜಿಗೆ ಅಂಟುವುದಿಲ್ಲ. ತಣ್ಣಗಿರುವ ಕಡೆಗೆ ಹೋಗಿ ಇಳಿಯುತ್ತದೆ. ಉಂಡೆಯಿಡುವ ಗಾಜಿನ ಬುರುಡೆ ಕಾದಿರಬೇಕು, ಕೊಳವೆ ತಣ್ಣಗಿರಬೇಕು."

"ನೀವು ಹೇಳಿದ್ಮೇಲೆ ಸರಿ. ಒಡೆದ್ರೆ ಮಾತ್ರ ನನ್ ಹೆಸರು ಹೇಳ್ಬೇಡಿ."

೨೮ ಅಕ್ಟೋಬರ್, ಮಂಗಳವಾರ

ಒಡೆಯಿತು.

ಎಲ್ಲ ಚೆನ್ನಾಗಿಯೇ ನಡೆದಿತ್ತು. ಬಾಣಲೆಯ ಮರಳಿನಲ್ಲಿ ಬುರುಡೆ, ಕೆಳಗೆ ಇದ್ದಿಲು. ಕೊಳವೆಯ ತುದಿಯಿಂದ ಪಾದರಸ ಹನಿಹನಿಯಾಗಿ ನೀರಿನ ಬಟ್ಟಲಿಗೆ ಬಿತ್ತು. ಹೊಗೆಯಾಗಿ ಹೋಗುತ್ತಿದ್ದದ್ದು ಮರಳಿ ಬರುವುದನ್ನು ಆ ಜನ ಮೊದಲ ಸಲ ನೋಡಿದರು. ಹನಿ ಇನ್ನೂ ಹತ್ತಿರದಿಂದ ಕಾಣಲೆಂದು ತಿಮ್ಮಮ್ಮ ಬಟ್ಟಲನ್ನು ಎತ್ತಿ ಹಿಡಿದರು. ತುದಿ ನೀರಿನಲ್ಲಿ ಮುಳುಗಿತು. ಇದ್ದಿಲು ಆರುತ್ತಿತ್ತು. ಬುರುಡೆ ತಣಿಯುತ್ತ ನೀರನ್ನು ಒಳಕ್ಕೆಳೆದುಕೊಂಡಿತು — ಟಪ್.

ಬಟ್ಟಲು ಎಲ್ಲಿರಬೇಕೆಂದು ನಾನು ಹೇಳಿರಲಿಲ್ಲ. ಹೇಳಬೇಕಿತ್ತು.

ಉಂಡೆ ಬೂದಿ-ಮರಳಿನೊಳಗೆ ಎಲ್ಲೋ. ಚಿಕ್ಕಯ್ಯನವರ ಮುಖ ನೋಡಲಾಗಲಿಲ್ಲ. ಬಾಣಲೆಯ ಮರಳನ್ನೆಲ್ಲ ಐವರೂ ಮತ್ತೆ ತೊಳೆದರು. ಪ್ಯಾಂಟು ಮಡಿಸಿ, ಕೈಗವಸು ಹಾಕಿಕೊಂಡು ನಾನೂ ಕುಳಿತೆ. ಸಂಜೆಯ ಹೊತ್ತಿಗೆ ಸಿಕ್ಕಿತು.

ತಿಮ್ಮಮ್ಮ: "ನಾವು ದೂಳ್ ತೊಳದು ಚಿನ್ನ ತೆಗೀತಿದ್ವು. ಮೇಷ್ಟ್ರು ಬಂದ್ ಮ್ಯಾಲೆ ಚಿನ್ನಾನೂ ತೊಳೀತಿದೀವಿ."

ಚಿಕ್ಕಯ್ಯ: "ಬುಡವ್ವ. ಕಂಡಂತೂ ಕಂಡ್ತು, ಒಡಿಯೋಗಂಟ. ಇನ್ನೊಂದ್ ತನ್ನಿ ಮೇಷ್ಟ್ರೇ."

ಇಷ್ಟು ದಿನದಲ್ಲಿ ಅವರು ನನ್ನಿಂದ ಏನನ್ನಾದರೂ ಕೇಳಿದ್ದು ಇದೇ ಮೊದಲು.

೩ ನವೆಂಬರ್, ಸೋಮವಾರ

ರವಿಚಂದ್ರ ಮನೆಗೆ ಬಂದಿದ್ದ. ಸೇಬು, ಮೋಸಂಬಿ. ಗೋಡೆಯ ಮೇಲಿನ ಗಾರ್ಗಿಯ ಫೋಟೋಗೆ ಕೈಮುಗಿದ. ದೇವಿರಮ್ಮ ಕಾಫಿ ಕೊಟ್ಟಳು.

"ಸಾರ್, ಒಂದು ಆಲೋಚನೆ. ಶೆಡ್ಡುಗಳ ಹತ್ತಿರ ಒಂದು ಮಾದರಿ ಕೇಂದ್ರ ಕಟ್ಟೋಣ. ಗಾರ್ಗಿ ಸ್ಮಾರಕ ಕೇಂದ್ರ. ಮೇಡಂ ಹೆಸರು ಬೋರ್ಡಿನಲ್ಲಿ ಶಾಶ್ವತವಾಗಿರುತ್ತೆ. ಉದ್ಘಾಟನೆಗೆ ನೀವೇ ಬರಬೇಕು."

"ಬದಲಿಗೆ?"

"ಬದಲಿಗೆ ಅಂತೇನಿಲ್ಲ ಸಾರ್. ಅಹವಾಲಿನ ದಿನ ಸ್ವಲ್ಪ... ತಾವು ಬರದೇ ಇದ್ದರೆ ಒಳ್ಳೇದು."

ಅವಳ ಹೆಸರಿನ ಬೋರ್ಡು. ಒಂದು ಕ್ಷಣ ಕಣ್ಣಿಗೆ ಕಟ್ಟಿತು, ಸುಳ್ಳು ಬರೆಯುವುದಿಲ್ಲ. ನೀಲಿ ಬಣ್ಣದ್ದು. ಆಮೇಲೆ ಆ ಬೋರ್ಡಿನ ಕೆಳಗೆ, ತಗಡಿನ ಒಳಗೆ, ಸೌಮ್ಯಶ್ರೀ ಮಗುವನ್ನು ಮಡಿಲಲ್ಲಿಟ್ಟುಕೊಂಡು ಒಲೆಯ ಮುಂದೆ ಕುಳಿತಿರುವುದೂ ಕಟ್ಟಿತು.

"ನನ್ನ ಮಗಳ ಹೆಸರು ಬಾಡಿಗೆಗೆ ಇಲ್ಲ. ಹಣ್ಣು ತೆಗೆದುಕೊಂಡು ಹೋಗು."

ಎದ್ದ. ಮೊದಲ ಬೆಂಚಿನ ವಿನಯ ಬಾಗಿಲಲ್ಲಿ ಕಳಚಿತು. "ಸಾರ್, ಅಲ್ಲಿ ಬಾಧಿತ ನಿವಾಸಿಗಳಿಗೆ ಮಾತ್ರ ಮಾತಾಡೋ ಅವಕಾಶ. ನೀವು ಕುವೆಂಪುನಗರದವರು. ಬಂದರೂ ಕೂತು ಕೇಳಬೇಕಷ್ಟೆ."

ನಿಯಮ ಓದಿದೆ. ಹೌದು, ಹಾಗೆಯೇ ಇದೆ. ಅವನು ಸರಿ.

ದೇವಿರಮ್ಮ ಹಣ್ಣಿನ ಚೀಲವನ್ನು ಗೇಟಿನವರೆಗೂ ಹಿಂದೆಯೇ ಹೋಗಿ ಅವನ ಕೈಗಿತ್ತು ಬಂದಳು. ನಾನು ಹೇಳಿರಲಿಲ್ಲ.

೫ ನವೆಂಬರ್, ಬುಧವಾರ

ಓಣಿಯ ಕೊನೆಯ ಖಾಲಿ ಕೋಣೆ ಬಾಡಿಗೆಗೆ ಹಿಡಿದೆ. ಛಾಪಾ ಕಾಗದದ ಮೇಲೆ ಕರಾರು, ನನ್ನ ಸಹಿ, ತಿಮ್ಮಮ್ಮನವರ ಹೆಬ್ಬೆಟ್ಟು ಸಾಕ್ಷಿ. ಇಂದಿನಿಂದ ನಾನೂ ಬಾಧಿತ. ಒಂಬತ್ತು ಮನೆ ಎಂದು ಬರೆದವರು ಹತ್ತು ಎಂದು ತಿದ್ದಿಕೊಳ್ಳಲಿ.

ಚಿಕ್ಕಯ್ಯನವರು ಚಾಪೆ ಹಾಸುವುದನ್ನೇ ನೋಡುತ್ತಿದ್ದರು. "ಊರೋರೆಲ್ಲ ಇಲ್ಲಿಂದ ಓಗಿ ಅಂತವ್ರೆ. ನೀವೊಬ್ರು ಬತ್ತಿದೀರಲ್ಲ, ತಲೆ ನೆಟ್ಟಗದಾ?"

"ಪರೀಕ್ಷಿಸಿಕೊಳ್ಳಿ."

"ಒಲೆ ಹಚ್ಚಾಕ್ ಬತ್ತದಾ?"

"ಇಲ್ಲ."

"ಸರೋಯ್ತು."

ದೇವಿರಮ್ಮನಿಗೆ ಫೋನಿನಲ್ಲಿ ತಿಳಿಸಿದೆ. ಒಲೆ ಆರಿಸಿದ ಸದ್ದು ಕೇಳಿಸಿತು. ಆಮೇಲೆ: "ಈ ವಯಸ್ಸಲ್ಲಿ ಗಂಡ ಬೇರೆ ಮನೆ ಮಾಡ್ದ ಅಂದ್ರೆ ಜನ ಏನಂತಾರ್ರೀ?" ಎಂದು ಇಟ್ಟುಬಿಟ್ಟಳು.

೭ ನವೆಂಬರ್, ಶುಕ್ರವಾರ

ಬೆಳಗ್ಗೆ ಆಟೋ ನಿಂತಿತು. ಚಂದ್ರುವಿನದೇ. ದೇವಿರಮ್ಮ ಇಳಿದಳು. ಕುಕ್ಕರ್, ಎರಡು ತಟ್ಟೆ, ಅಕ್ಕಿ, ಹುರುಳಿಕಾಯಿ, ಸೊಳ್ಳೆಪರದೆ. ಸೊಳ್ಳೆಪರದೆಯನ್ನು ಮೊದಲು ಕಟ್ಟಿದಳು. ನನ್ನ ಕಡೆ ನೋಡದೆ ನಾಲ್ಕೂ ಮೂಲೆಗೆ ಗಂಟು ಬಿಗಿದಳು. ನಾನೂ ನೋಡದೆ ಮೊಳೆ ಹೊಡೆದುಕೊಟ್ಟೆ. ಅದರ ಬಗ್ಗೆ ನಾವು ಮಾತಾಡುವುದಿಲ್ಲ.

ಬಂದ ಸಂಜೆಯೇ ಸೌಮ್ಯಶ್ರೀಯನ್ನು ಕರೆದು ನಮ್ಮ ಕೋಣೆಯಲ್ಲಿ ಕೂರಿಸಿಕೊಂಡಳು. "ಒಲೆ ಹತ್ರ ಹೋದ್ರೆ ಕಾಲ್ ಮುರಿತೀನಿ ಕಣಮ್ಮ. ನಿನ್ ಪಾಲಿನ್ ಉಂಡೇನ ನಾನ್ ನೋಡ್ತೀನಿ. ನಮ್ಮನೆಯೋರ್ನ ನಂಬ್ಬೇಡ, ಅವರು ಮೀಟ್ರು ನೋಡೋರು."

ಹುಡುಗಿ ಒಪ್ಪಿದಳು! ನಾನು ತಿಂಗಳಿಂದ ವಾದಿಸಿದ್ದೆ.

೧೩ ನವೆಂಬರ್, ಗುರುವಾರ

ಎರಡನೆಯ ಗಾಜು. ದಪ್ಪ ಬುರುಡೆ, ಉದ್ದ ಕೊಳವೆ. ಕೊಳವೆಗೆ ಒದ್ದೆ ಬಟ್ಟೆ ಸುತ್ತಿದೆ. ಬಟ್ಟಲನ್ನು ತುದಿಯಿಂದ ನಾಲ್ಕು ಬೆರಳು ಕೆಳಗಿಟ್ಟು, ಮುಟ್ಟಕೂಡದೆಂದು ಮೂರು ಸಲ ಹೇಳಿದೆ. ತಿಮ್ಮಮ್ಮ ಕೈಗಳನ್ನು ಸೊಂಟದ ಹಿಂದೆ ಕಟ್ಟಿಕೊಂಡು ತೋರಿಸಿದರು. "ಸಾಕಾ? ಅಗ್ಗ ತಂದ್ ಕಟ್ತೀರಾ?"

ಮೊದಲು ಬುರುಡೆಯೊಳಗೆ ಬೂದು ಮಂಜು ಕಟ್ಟಿತು. ಚಿಕ್ಕಯ್ಯ ಎದ್ದರು. "ಕಾಣಾಕಿಲ್ಲ."

"ತಡೆಯಿರಿ."

"ಕಾಣಾಕಿಲ್ಲ ಮೇಷ್ಟ್ರೇ, ತೆಗ್ಸಿ."

"ಕುಳಿತುಕೊಳ್ಳಿ!" — ತರಗತಿಯ ದನಿ. ಅವರೂ ಕುಳಿತರು, ಬೀದಿಯಲ್ಲಿದ್ದ ನಾಯಿಯೂ ಕುಳಿತಿತು.

ಶಾಖ ಏರಿತು. ಮಂಜು ಕೊಳವೆಯ ಕಡೆಗೆ ಸರಿಯಿತು, ಗಾಜು ತಿಳಿಯಾಯಿತು. ಬಿಳಿ ಉಂಡೆ. ಸುಣ್ಣದ ಬಣ್ಣ. ಒಂದು ಅಂಚಿನಲ್ಲಿ ಕೆಂಚಗೆ. ಆಮೇಲೆ ಹಳದಿ, ಐವರ ಕಣ್ಣೆದುರು. ಸೌಮ್ಯಶ್ರೀಯ ಪರವಾಗಿ ದೇವಿರಮ್ಮನ ಕಣ್ಣು. ಮೀಟರ್ ಬಾಗಿಲ ಹೊರಗಿನ ಗಾಳಿಗಿಂತ ಹೆಚ್ಚೇನೂ ತೋರಿಸಲಿಲ್ಲ.

ಚಿಕ್ಕಯ್ಯ ಬುರುಡೆಯ ಸುತ್ತ ಒಂದು ಪ್ರದಕ್ಷಿಣೆ ಬಂದರು. "ಇದ್ರಲ್ಲಿ ಕದಿಯಾಕಾಗಲ್ಲ" ಎಂದರು. ಯಾವ ಪಾರಿತೋಷಕದ ತೀರ್ಪುಗಾರರೂ ನನ್ನನ್ನು ಇಷ್ಟು ಹೊಗಳಿರಲಿಲ್ಲ.

ಹೊರಗೆ ಬಂದು ಮೋರಿಕಟ್ಟೆಯ ಮೇಲೆ ಕುಳಿತೆ. ಗಾರ್ಗಿಗೆ ಹೇಳಬೇಕೆನಿಸಿತು. ಫೋನ್ ಕೈಯಲ್ಲೇ ಇತ್ತು... ಒಳಗಿಟ್ಟೆ.

೧೯ ನವೆಂಬರ್, ಬುಧವಾರ

ಅಹವಾಲು. ಉದ್ದನೆಯ ಕೋಣೆ, ಫ್ಯಾನು ಮೂರು, ತಿರುಗುವುದು ಒಂದು. ಅಧ್ಯಕ್ಷರ ಸ್ಥಾನದಲ್ಲಿ ಹಿರಿಯ ಅಧಿಕಾರಿಯೊಬ್ಬರು, ಮಾತು ಕಡಿಮೆ ಇರುವ ಹೆಂಗಸು. ಪಕ್ಕದಲ್ಲಿ ರವಿಚಂದ್ರ. ನನ್ನ ಸರದಿಗೆ ಎದ್ದು ನಿಂತ. "ಮೇಡಂ, ಇವರು ನಿವಾಸಿಯಲ್ಲ."

ಕರಾರು ಕೊಟ್ಟೆ. ಅಧಿಕಾರಿಣಿ ಓದಿದರು. "ಪ್ರೊಫೆಸರ್ ಚೆಲುವರಾಜು, ನೀವು ನಿಜವಾಗಿಯೂ ಅಲ್ಲಿ ವಾಸವಾಗಿದ್ದೀರಾ?"

ಹಿಂದಿನ ಸಾಲಿನಿಂದ ದೇವಿರಮ್ಮ: "ಹೌದು ತಾಯಿ. ನಲ್ಲೀಲಿ ನೀರು ಬೆಳಗ್ಗೆ ಮಾತ್ರ ಬರುತ್ತೆ. ಅದನ್ನೂ ಬರ್ಕೊಳಿ."

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪರವೋ ವಿರೋಧವೋ ಎಂದು ಚೀಟಿ ಎತ್ತಿ ತಿಳಿಯುತ್ತಿದ್ದೆವು. ಯಾವ ಪಕ್ಷ ಬಂದರೂ ಗೆಲ್ಲುತ್ತಿದ್ದೆ. ಇವತ್ತು ಚೀಟಿಯಿರಲಿಲ್ಲ. ಮೊದಲು ರವಿಚಂದ್ರನ ವಾದವನ್ನೇ ಅವನಿಗಿಂತ ಚೆನ್ನಾಗಿ ಮಂಡಿಸಿದೆ: ಆವಿ ನಿಜ, ಅಪಾಯ ನಿಜ, ನನ್ನ ಮಗಳ ಪ್ರತಿ ಅಂಕಿಯೂ ನಿಜ. ಅವನು ತಲೆಯಾಡಿಸಿದ. ನಂತರ ಹೇಳಿದೆ: ಆ ಅಂಕಿಗಳು ಒಂದು ಬಗೆಯ ಒಲೆಯ ವಿರುದ್ಧದ ಸಾಕ್ಷಿ. ಒಂಬತ್ತು ಮನೆಗಳ ವಿರುದ್ಧದ ಸಾಕ್ಷಿಯಲ್ಲ. ಒಲೆ ಬದಲಾಗಿದೆ. ತಪ್ಪಿದ್ದದ್ದು ಒಲೆಯಲ್ಲಿ, ಶಿಕ್ಷೆ ಮನೆಗೇಕೆ?

ಗಂಟೆ ಬಾರಿಸಿದರು. ನಿಲ್ಲಿಸಲಿಲ್ಲ. ಮತ್ತೆ ಬಾರಿಸಿದರು. ಆಗಲೂ ನಿಲ್ಲಿಸಲಿಲ್ಲ.

ಅಧಿಕಾರಿಣಿ ತಿಮ್ಮಮ್ಮನವರನ್ನು ಕೇಳಿದರು: "ಈ ಹೊಗೆ ಕೆಟ್ಟದ್ದು ಅಂತ ನಿಮಗೆ ಗೊತ್ತಾ ಅಮ್ಮ?"

ತಿಮ್ಮಮ್ಮ ಬಲಗೈ ಚಾಚಿದರು. ಬೆರಳುಗಳು ನಡುಗುತ್ತಿದ್ದವು, ಹಾಗೆಯೇ ಹಿಡಿದು ನಿಂತರು. "ಗೊತ್ತು ತಾಯಿ. ಅದುಕ್ಕೇ ಗಾಜ್ಗೆ ಒಪ್ಕಂಡಿರೋದು. ಅಲ್ಲೆಲ್ಲೋ ಬಯಲಿಗಾಕಿದ್ರೆ ನಾಳೆ ಗಾಜ್ ಒಡದ್ರೆ ಯಾರ್ ತಂದ್ಕೊಡ್ತಾರೆ? ಈ ಮುನಿಯಪ್ಪ ಅಷ್ಟ್ ದೂರ ಬತ್ತಾನಾ?"

ಮುನಿಯಪ್ಪ — ಕೋಪಿಷ್ಠನೆಂದು ನನಗಿಟ್ಟ ಹೆಸರಂತೆ. ಕೋಣೆ ನಕ್ಕಿತು.

ಆದೇಶ: ಶನಿವಾರ ಅಧಿಕಾರಿಗಳ ಮುಂದೆ ಓಣಿಯಲ್ಲೇ ಸುಡತಕ್ಕದ್ದು. ಇಲಾಖೆಯದೇ ಮೀಟರ್. ಗಾಳಿ ಶುದ್ಧವಿದ್ದರೆ ತೆರವು ರದ್ದು. ಇಲ್ಲವಾದರೆ ಅಂದೇ ಬೀಗ. ರವಿಚಂದ್ರ ಒಂದು ಷರತ್ತು ಸೇರಿಸಿದ: ಪ್ರೊಫೆಸರ್ ಒಲೆಯ ಹತ್ತಿರ ಇರಕೂಡದು.

ಒಪ್ಪಿದೆ.

೨೨ ನವೆಂಬರ್, ಶನಿವಾರ. ಓಣಿ

ಹೊಸ್ತಿಲ ಹೊರಗೆ ಸ್ಟೂಲಿನ ಮೇಲೆ ಕುಳಿತು ಬರೆಯುತ್ತಿದ್ದೇನೆ. ಒಳಗೆ ಕಾಲಿಡುವಂತಿಲ್ಲ. ಕೈ ಸುಮ್ಮನಿರಬೇಕಲ್ಲ.

ಓಣಿಯ ಬಾಯಿಗೆ ಲಾರಿ ತಂದು ನಿಲ್ಲಿಸಿದ್ದಾರೆ, ಸಾಮಾನು ಹೇರಲು. ಬೀಗಗಳೂ ಬಂದಿವೆ, ಹೊಸವು. ಗೆಲ್ಲುವ ಮೊದಲೇ ಹಾರ ತಂದವರ ಹಾಗೆ.

ಒಳಗೆ ಬುರುಡೆ ಬಾಣಲೆಯಲ್ಲಿದೆ. ನಾಲ್ವರು ಪಾಲುದಾರರು ಸುತ್ತ, ಸೌಮ್ಯಶ್ರೀಯ ಬದಲು ದೇವಿರಮ್ಮ. ಮಾಸ್ಕು ಹಾಕಿದ ರವಿಚಂದ್ರ ಬಾಗಿಲ ಪಕ್ಕದಲ್ಲಿ ನಿಂತು ಫೋನ್ ನೋಡುತ್ತಿದ್ದ. ಚಿಕ್ಕಯ್ಯನವರು ಬಿಡಲಿಲ್ಲ: "ನಿಂತ್ಕಂಡ್ ನೋಡಂಗಿಲ್ಲ ಸಾ. ಇಲ್ಬನ್ನಿ, ಕೂತ್ಕಳಿ." ಇಸ್ತ್ರಿಯ ಪ್ಯಾಂಟಿನಲ್ಲಿ ನೆಲಕ್ಕೆ ಕುಳಿತಿದ್ದಾನೆ. ಫೋನ್ ಸದ್ದು ಮಾಡಿತು. ತಿಮ್ಮಮ್ಮ: "ಕಣ್ ತೆಗೀಬ್ಯಾಡಿ. ಆಮೇಲೆ ನೋಡ್ಲಿಲ್ಲ ಅಂದ್ರೆ ನಾವ್ ಒಪ್ಪಾಕಿಲ್ಲ." ಫೋನ್ ಜೇಬಿಗೆ ಹೋಯಿತು.

ಮಂಜು ಕಟ್ಟಿದೆಯ? ಇಲ್ಲಿಂದ ಕಾಣದು. ದೇವಿರಮ್ಮ ಒಳಗಿನಿಂದಲೇ ಕೂಗಿ ಹೇಳುತ್ತಿದ್ದಾಳೆ. ಕಟ್ಟಿತು... ಸರಿಯಿತು... ಬಿಳಿ.

ಇಲಾಖೆಯ ಮೀಟರ್ ಹಿಡಿದವನ ಬೆನ್ನು ಮಾತ್ರ ಕಾಣುತ್ತದೆ. ಬೆನ್ನು ಏನನ್ನೂ ಹೇಳುವುದಿಲ್ಲ.

ಹಳದಿ ಎಂದಳು.

ಮೀಟರಿನವನು ಓದಿ ಹೇಳಿದ. ರವಿಚಂದ್ರ ಇನ್ನೊಮ್ಮೆ ಓದಿಸಿದ. ಮತ್ತೊಂದು ಮೂಲೆಯಲ್ಲಿ ಹಿಡಿಸಿದ. ಅದೇ ಅಂಕಿ. ಹೊರಗಿನ ಗಾಳಿಯ ಅಂಕಿ. ಶುದ್ಧ.

ಸೌಮ್ಯಶ್ರೀ ನಮ್ಮ ಕೋಣೆಯ ಬಾಗಿಲಿಗೆ ಬಂದು ನಿಂತಿದ್ದಾಳೆ, ಎರಡೂ ಕೈ ಹೊಟ್ಟೆಯ ಮೇಲೆ. ಲಾರಿಯ ಡ್ರೈವರ್ ಬೀಡಿ ಆರಿಸಿದ.

ರವಿಚಂದ್ರ ಹೊರಗೆ ಬಂದ. ಪ್ಯಾಂಟಿನ ದೂಳು ಕೊಡವಿದ. ಕಡತ ತೆರೆದ. "ಗಾಳಿ ಸರಿಯಿದೆ ಸಾರ್, ಬರೀತೀನಿ. ಆದರೆ ಮೋರಿಯ ಹೂಳು? ಹಳೇ ಪಾದರಸ ಅಲ್ಲೇ ಇದೆಯಲ್ಲ. ಆ ಆಧಾರದ ಮೇಲೆ ಹೊಸದಾಗಿ ನೋಟೀಸ್—"

ಕೇಳಿಸಿಕೊಂಡೆ. ಪೂರ್ತಿ ಹೇಳಲು ಬಿಟ್ಟೆ. ಆದೇಶದಲ್ಲಿ ಇದ್ದದ್ದು ಗಾಳಿ ಮಾತ್ರ. ಅದನ್ನು ಮೊದಲು ಬರೆಸಬೇಕು, ಎಲ್ಲರೂ ನೋಡುತ್ತಿರುವಾಗ, ಈ ಸ್ಟೂಲಿನ ಮೇಲೆಯೇ. ಹೂಳಿನದು ಮುಂದಿನ ವಾದ. ಅದಕ್ಕೂ ನಾನು ಇಲ್ಲಿಯ ನಿವಾಸಿ. ಅಗೆದು ಸಾಗಿಸಬೇಕಾದದ್ದು ಮೋರಿಯ ಮಣ್ಣನ್ನು, ಮನುಷ್ಯರನ್ನಲ್ಲ, ಲಾರಿಯಂತೂ ಇಲ್ಲೇ ನಿಂತಿದೆ — ಇದು ಮೊದಲ ವಾಕ್ಯ. ಎರಡನೆಯದು, ರವಿಚಂದ್ರ, ಪೆನ್ನು ತೆಗೆ, ಬರೆ: ಗಾಳಿ ಶುದ್ಧ, ತೆರವು ರದ್ದು.